ಎರಡು ಅಂಗಳದ ಎಣ್ಣೆ ಕಲೆ

ಹುಂಚದ ಲಿಖಿತಾಳ ಮನೆಯ ಮುಂದೆ ಚಪ್ಪಲಿ ಬಿಡಲೆಂದು ಬಗ್ಗಿದ ಶ್ಯಾಮಲಾ ಅರೆಗಳಿಗೆ ಹಾಗೆಯೇ ನಿಂತಳು. ಸಿಮೆಂಟಿನ ಅಂಗಳದಲ್ಲಿ ಎರಡು ಎಣ್ಣೆ ಕಲೆಗಳಿದ್ದವು. ಒಂದು ಮೆಟ್ಟಿಲ ಹತ್ತಿರ, ಇನ್ನೊಂದು ಅದಕ್ಕೆ ಓರೆಯಾಗಿ ಆಚೆ ಮೂಲೆಗೆ. ಹೊಸನಗರದ ತನ್ನ ಮನೆಯಂಗಳದಲ್ಲಿ ದಿನಾ ಬೆಳಿಗ್ಗೆ ಮರದ ಹೊಟ್ಟು ಹಾಕಿ ಉಜ್ಜುವ ಕಲೆಗಳೂ ಹೀಗೇ. ಗಂಡ ಕೃಷ್ಣಕುಮಾರನ ಹಳೇ ಜೀಪಿನ ಹಿಂದಿನ ಎಡ ಚಕ್ರ, ಮುಂದಿನ ಬಲ ಚಕ್ರ, ಎರಡು ಕಡೆಯೂ ಆಯಿಲ್ ಹೊರಬಾರದಂತೆ ತಡೆಯುವ ಆಕ್ಸಲ್ ಸೀಲು ಸವೆದು ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ರಿಪೇರಿ ಮಾಡಿಸಿ ಎಂದಾಗಲೆಲ್ಲ ಅವನದು ಒಂದೇ ಮಾತು. "ಹಳೇ ಗಾಡಿ ಅಂದ್ಮೇಲೆ ಸೋರ್ತದೆ ಮಾರಾಯ್ತಿ. ಸೋರೋದು ನಿಂತ್ರೆ ಆಯಿಲ್ ಖಾಲಿ ಆಯ್ತು ಅಂತ ಲೆಕ್ಕ."

ಲಿಖಿತಾ ರವಿಕೆ ಹೊಲಿಯುವುದರಲ್ಲಿ ಹೆಸರಾದವಳು. ಯಾರೋ ಹೇಳಿದರೆಂದು ಶ್ಯಾಮಲಾ ಅವಳನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಟೇಪು ಹಿಡಿದು ಲಿಖಿತಾ ಹತ್ತಿರ ಬಂದಾಗ ಶ್ಯಾಮಲಾ ಕೇಳಿದಳು, "ಅಂಗಳಕ್ಕೆ ಯಾರ ಗಾಡಿನೋ ಎಣ್ಣೆ ಸುರಿಸಿದೆಯಲ್ಲ?"

"ಗ್ಯಾಸಿನ ಗಾಡಿದಿರ್ಬೇಕು ಅಕ್ಕ. ಮೊನ್ನೆ ಸಿಲಿಂಡರ್ ತಂದಿದ್ರು. ಕೈ ಸ್ವಲ್ಪ ಎತ್ತಿ."

ಶ್ಯಾಮಲಾ ಕೈ ಎತ್ತಿದಳು. ರಸ್ತೆಯಿಂದ ಈ ಮನೆಗೆ ಏರು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಕಲ್ಲು, ಕೊರಕಲು. ಗ್ಯಾಸಿನ ಗಾಡಿಯಿರಲಿ, ಆಟೋದವನೇ ಕೆಳಗೆ ಇಳಿಸಿ ಹೋಗಿದ್ದ. ಇದನ್ನು ಹತ್ತಬೇಕಾದರೆ ನಾಲ್ಕೂ ಚಕ್ರ ಎಳೆಯುವ ಜೀಪಿನಂಥ ಗಾಡಿಯೇ ಆಗಬೇಕು. ಅಳತೆ ಮುಗಿಯುವವರೆಗೂ ಲಿಖಿತಾ ಅವಳ ಮುಖ ನೋಡಲಿಲ್ಲ. ಹೊರಡುವಾಗ ಮಾತ್ರ, "ಮುಂದಿನ ವಾರ ಬನ್ನಿ ಶ್ಯಾಮಲಕ್ಕ" ಅಂದಳು. ತಾನು ಹೆಸರು ಹೇಳಿರಲೇ ಇಲ್ಲ ಎಂಬುದು ಶ್ಯಾಮಲಾಗೆ ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ.

ಸಂಜೆ ಗಂಡನಿಗೆ ಕಾಫಿ ಕೊಡುತ್ತ ಹೇಳಿದಳು, "ರವಿಕೆ ಅಳತೆ ಕೊಡಕ್ಕೆ ಹುಂಚಕ್ಕೆ ಹೋಗಿದ್ದೆ. ಆ ಲಿಖಿತಾನ ಅಂಗಳದಲ್ಲೂ ನಮ್ಮನೇಲಿ ಇದ್ದ ಹಾಗೇ ಎಣ್ಣೆ ಕಲೆ ಇದೆ."

ಕೃಷ್ಣಕುಮಾರ ಬಿಸಿ ಕಾಫಿಯನ್ನು ಒಂದೇ ಉಸಿರಿಗೆ ಕುಡಿದ. "ಊರಲ್ಲಿ ಹಳೇ ಗಾಡಿಗೆ ಎಂತ ಬರವಾ?" ಅಂದ. ಯಾವ ಲಿಖಿತಾ ಎಂದು ಅವನು ಕೇಳಲಿಲ್ಲ.

ಮರುದಿನ ಅವಳು ಏಳುವುದರೊಳಗೆ ಜೀಪು ಅಂಗಳದಲ್ಲಿರಲಿಲ್ಲ. ಅಂದು ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆಯಿತ್ತು. ಅದನ್ನೂ ಅವನು ಬೇರೆ ಡ್ರೈವರಿಗೆ ಬಿಟ್ಟುಕೊಟ್ಟಿದ್ದ. ಹೊತ್ತು ಇಳಿಯುವಾಗ ವಾಪಸು ಬಂದವನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳನ್ನು ಕರೆದ.

"ಬಾ ಇಲ್ಲಿ, ನೋಡು. ತೀರ್ಥಹಳ್ಳಿಗೆ ಹೋಗಿ ಎರಡೂ ಕಡೆ ಸೀಲ್ ಹಾಕಿಸ್ಕಂಡು ಬಂದೆ. ಹಿಂದಿನ ಬ್ರೇಕ್ ಲೈನರ್ ಆಯಿಲಲ್ಲಿ ನೆಂದೇ ಹೋಗಿತ್ತು, ಅದನ್ನೂ ಬದಲಿಸಿದ್ರು. ಇನ್ನು ಒಂದು ತೊಟ್ಟು ಬಿದ್ರೆ ಕೇಳು. ನಿಂಗೂ ದಿನಾ ಉಜ್ಜೋ ಕೆಲಸ ತಪ್ಪಿತು."

ಶ್ಯಾಮಲಾ ಬಗ್ಗಿ ನೋಡಿದಳು. ಚಕ್ರದ ಒಳಮೈಯಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ. ಎರಡು ವರ್ಷ ಹೇಳಿ ಹೇಳಿ ಸೋತಿದ್ದ ಕೆಲಸ ಕೊನೆಗೂ ಆಗಿತ್ತು. ಹುಂಚದ ಅಂಗಳದ ಕಲೆ ಇದೇ ಜೀಪಿನದು ಎಂಬುದು ನಿನ್ನೆಯವರೆಗೆ ಬರಿಯ ಗುಮಾನಿಯಾಗಿತ್ತು.

"ಹೋದ ಮಳೆಗಾಲದಲ್ಲಿ ಹುಲಿಕಲ್ ಘಾಟಿ ಇಳಿವಾಗ ಇದೇ ಎಣ್ಣೆಯಿಂದ ಬ್ರೇಕ್ ಹಿಡೀದೆ, ನೀವು ಗಾಡಿನ ರಸ್ತೆ ಬದಿಯ ಮಣ್ಣಿನ ಧರೆಗೆ ಒರೆಸಿ ನಿಲ್ಸಿದ್ರಿ." ಅವಳ ದನಿ ಏರಲಿಲ್ಲ. "ಮಗಳು ನನ್ನ ತೊಡೆ ಮೇಲೆ ಮಲಗಿದ್ಲು. ಅದರ ಮರುದಿನ ಯಾಕೆ ಹೋಗ್ಲಿಲ್ಲ ನೀವು ಗ್ಯಾರೇಜಿಗೆ?"

ಕೃಷ್ಣಕುಮಾರ ಚಕ್ರದ ನಟ್ಟುಗಳು ಬಿಗಿಯಾಗಿವೆಯೋ ಎಂದು ಬೆರಳಿನಿಂದ ತಿರುಗಿಸಿ ನೋಡತೊಡಗಿದ. ಒಂದಾದ ಮೇಲೆ ಒಂದು, ಮತ್ತೆ ಮೊದಲಿನಿಂದ.