ಹಿಂದಿನ ಎಡ ಚಕ್ರ

“ಕದ್ದ ಮಾಲಾ?” ಗುಜರಿಯವ ಕೇಳಿದ.

“ನಮ್ಮ ಮಾವನ ಗಾಡೀದು,” ಎಂದ ಅಳಿಯ.

“ಅದನ್ನೇ ಕೇಳಿದ್ದು.”

ಅಳಿಯ ಟೈರು ಬಿಚ್ಚಿದ ಚಕ್ರವನ್ನು ಅವನ ಮುಂದೆ ಉರುಳಿಸಿಬಿಟ್ಟ. ಅದು ಕುಂಟುತ್ತಾ ಹೋಗಿ ತಕ್ಕಡಿಯ ಕಾಲಿಗೆ ಒರಗಿತು. ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು.

“ಇದೇ ಅಳತೆ, ಇದೇ ಬಣ್ಣ, ಇಷ್ಟೇ ಹಳೇದು ಬೇಕು.”

“ಹೊಸದು ಕೊಡ್ತೀನಿ ಅಂದ್ರೆ?”

“ಬೇಡ. ಹೊಸದು ಹಾಕಿದ್ರೆ ನನ್ನ ಕಥೆ ಮುಗೀತು.”

ಅಳಿಯ ಬಡಗಿ. ಅತ್ತೆಮನೆಯ ಹಿಂದಿನ ಶೆಡ್ಡಿನಲ್ಲಿ ಬೀರು, ಮಂಚ ಮಾಡುತ್ತಿದ್ದ. ಮಾಡಿದ್ದನ್ನು ಸಾಗಿಸಲು ಬಾಡಿಗೆ ಗಾಡಿ ಹಿಡಿದರೆ ದುಡಿದದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಮನೆಮುಂದೆ ಮಾವನ ಪಿಕಪ್ ನಿಂತಿರುತ್ತಿತ್ತು. ಕಂಪನಿಯೇ ಮರೆತ ಮಾದರಿ, ಆದರೂ ಓಡುತ್ತಿತ್ತು. ಮಾವ ಬಹಳ ಕಾಡಿಸಿ ಕೊನೆಗೂ ಮೆತ್ತಗಾಗಿದ್ದರು. “ಗೆಳೆಯನನ್ನ ನೋಡ್ಕೊಂಡು ನಾಡಿದ್ದು ಸಂಜೆ ಬರ್ತೀನಿ. ಬಂದ ಮೇಲೆ ಕೀಲಿ ನಿನ್ನ ಕೈಗೆ. ಅಲ್ಲೀವರೆಗೂ ಗಾಡಿ ಮುಟ್ಟಕೂಡದು,” ಎಂದಿದ್ದರು. ಗಾಡಿಯ ಎಡಮೈಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಿದಂತೆ ನಿಲ್ಲಿಸಿ ಹೊರಟಿದ್ದರು.

ಜೀವಮಾನವಿಡೀ ಸ್ಟೇರಿಂಗ್ ಹಿಡಿದು ಗಾಡಿಗೆ ಒಂದು ಗೀರೂ ಬೀಳಿಸದವರು ಎಂದು ಮಾವನಿಗೆ ಹೆಸರಿತ್ತು. ಹಾಗೆ ಹೇಳಿಕೊಂಡು ತಿರುಗುತ್ತಿದ್ದವರೂ ಅವರೇ. ಸ್ವಂತ ಮಗ ಒಮ್ಮೆ ಪಕ್ಕದ ಕನ್ನಡಿ ಒಡೆದಿದ್ದ. ಆ ತಪ್ಪಿಗೆ ಅವನು ಇವತ್ತಿಗೂ ಸೈಕಲ್ ತುಳಿಯುತ್ತಿದ್ದ.

ಅಳಿಯ ಗೂಟದಲ್ಲಿ ನೇತಾಡುತ್ತಿದ್ದ ಇನ್ನೊಂದು ಕೀಲಿ ತೆಗೆದು ಗಾಡಿ ಮುಟ್ಟಿದ. ಗಿರಾಕಿಯೊಬ್ಬರು ಬೀರು ಇವತ್ತೇ ಬೇಕೆಂದು ಹಟ ಹಿಡಿದಿದ್ದರು. ಗೇಟು ದಾಟುವಾಗಲೇ ಸೀಟು ಕುಲುಕಿತು. ಹೇಳದೆ ಗಾಡಿ ತೆಗೆದವನಿಗೆ ಎಲ್ಲವೂ ಕುಲುಕುತ್ತದೆ ಎಂದುಕೊಂಡು ಸುಮ್ಮನಾದ. ತಿರುವಿನ ಗುಂಡಿಯಲ್ಲಿ ಹಿಂದಿನಿಂದ ‘ಡಬ್’ ಎಂದಿತು. ಇಳಿದು ನೋಡಿದರೆ ಹಿಂದಿನ ಎಡ ಚಕ್ರ ಈ ಗತಿಯಲ್ಲಿತ್ತು.

ಅತ್ತೆಗೆ ಗೊತ್ತಾಗದಂತೆ ಮಾಡಲು ಆಗಲಿಲ್ಲ. ಗಾಡಿಯನ್ನು ತೆವಳಿಸಿಕೊಂಡು ಮನೆಗೆ ತರುವಾಗ ಅವರು ಕಿಟಕಿಯಲ್ಲೇ ನಿಂತಿದ್ದರು. ಈಗ ಅವರೂ ಗುಜರಿ ಅಂಗಡಿಯಲ್ಲಿ, ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದರು. ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ಚಕ್ರವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದರು.

“ಅಳಿಯಂದ್ರೇ, ಅವರು ನನ್ನ ಮುಖ ಬೇಕಾದ್ರೆ ಮರೆತಾರು, ಈ ನಾಲ್ಕು ಚಕ್ರ ಮರೆಯೋರಲ್ಲ. ಸರಿಯಾಗಿ ನೋಡಿ ತಗೊಳ್ಳಿ.”

ಇದಕ್ಕೂ ಮುಂಚೆ ಹೋದ ಅಂಗಡಿಗಳಲ್ಲಿ ಒಂದರ ಚಕ್ರಕ್ಕೆ ಐದು ತೂತಿನ ಬದಲು ಆರಿದ್ದವು. ಇನ್ನೊಂದರಲ್ಲಿ ತೂತು ಸರಿಯಿತ್ತು, ಅಗಲ ಸಾಲದು. ಮತ್ತೊಬ್ಬ ಫಳಫಳ ಹೊಳೆಯುವುದನ್ನು ತಂದಿಟ್ಟು, “ಇದನ್ನ ಹಾಕಿ, ನಿಮ್ಮ ಮಾವ ಮದುಮಗನ ಥರ ಕಾಣ್ತಾರೆ,” ಎಂದಿದ್ದ.

ಗುಜರಿಯವ ಮಡಚಿದ ಅಂಚನ್ನು ಉಗುರಿನಿಂದ ಕೆರೆದ.

“ತುಕ್ಕು ಕೂತಿದೆಯಲ್ರೀ.”

“ಗುಂಡಿಯ ಕೆಂಪು ಮಣ್ಣು.”

“ಮಣ್ಣಂತೆ!” ಗುಜರಿಯವ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ. ತಗಡು, ಸರಳು, ಬಕೆಟ್ಟುಗಳೆಲ್ಲ ಉರುಳಿದ ಸದ್ದಾಯಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಚಕ್ರವಿತ್ತು. ಐದು ತೂತು, ಅದೇ ಅಗಲ, ಅದೇ ಮಾಸಿದ ಬೂದು ಬಣ್ಣ.

“ಜೋಡಿ ಇತ್ತು. ಒಂದು ಬೆಳಿಗ್ಗೆಯೇ ಹೋಯ್ತು.”

“ಈ ಡಬ್ಬಾ ಗಾಡಿ ಇಟ್ಕೊಂಡಿರೋ ಮುಠ್ಠಾಳ ನಮ್ಮನೇಲಿ ಮಾತ್ರ ಇದಾನೆ ಅಂದ್ಕೊಂಡಿದ್ದೆ,” ಎಂದರು ಅತ್ತೆ.

ಮನೆಗೆ ಬಂದು ನೋಡಿದರೆ ಉಳಿದ ಮೂರರ ಪಕ್ಕದಲ್ಲಿ ಇದು ಸ್ವಲ್ಪ ಹೆಚ್ಚೇ ಶುಭ್ರವಾಗಿತ್ತು. ಅತ್ತೆ ಸೆರಗು ಸಿಕ್ಕಿಸಿ, ಸುಟ್ಟ ಎಂಜಿನ್ ಎಣ್ಣೆಯಲ್ಲಿ ಇಟ್ಟಿಗೆ ಪುಡಿ ಕಲಸಿ ಬಳಿದರು. “ನನ್ನ ಮದುವೇಲೂ ಇಷ್ಟು ಅಲಂಕಾರ ಆಗಿರ್ಲಿಲ್ಲ!” ಅಳಿಯ ಟೈರು ಏರಿಸಿ, ನಟ್ಟು ಬಿಗಿದು, ಗಾಡಿಯನ್ನು ಮೊದಲಿನಂತೆ ಗೋಡೆಗೆ ಅಂಟಿಸಿ ನಿಲ್ಲಿಸಿದ. ಮಡಚಿದ ಚಕ್ರ ಮರದ ಹೊಟ್ಟಿನ ರಾಶಿಯೊಳಗೆ ಸೇರಿತು.

ಸಂಜೆ ಮಾವ ಬಾಡಿಗೆ ಕಾರಿನಲ್ಲಿ ಬಂದಿಳಿದರು. ಮನೆಯೊಳಗೆ ಹೋಗಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಗಾಡಿ ಮತ್ತು ಗೋಡೆಯ ಸಂದಿಯಲ್ಲಿ ನುಸುಳಿದರು.

ಅಳಿಯ ಗೇಟಿನ ಚಿಲಕವನ್ನು ಒರೆಸತೊಡಗಿದ.

ಮಾವ ಹೊರಗೆ ಬಂದರು. ಬಲಗಡೆಗೆ ಹೋಗಿ ಆ ಚಕ್ರಗಳನ್ನು ನೋಡಿದರು. ಮತ್ತೆ ಸಂದಿಗೆ ನುಸುಳಿದರು. ಮತ್ತೆ ಬಂದರು. ಮುಖ ಬಿಳಿಚಿಕೊಂಡಿತ್ತು.

“ಯಾರಾದ್ರೂ ಗಾಡಿ ತೆಗೆದಿದ್ರಾ?”

“ಯಾಕೆ ಮಾವ, ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?”

ಮಾವ ಬಾಯಿ ತೆರೆದರು. ಮುಚ್ಚಿದರು. “ಏನೂ ಆಗಿಲ್ಲ. ಅದನ್ನೇ ನೋಡ್ತಿದೀನಿ.”

“ಬಂದ ತಕ್ಷಣ ಆ ಚಕ್ರದ ಹತ್ರ ಏನ್ರೀ ಮಾತು?” ಅತ್ತೆ ಬಾಗಿಲಿನಿಂದ ಕೂಗಿದರು. “ನಿಮ್ಮ ಗೆಳೆಯರು ಹೇಗಿದಾರೆ?”

“ಯಾವ ಗೆಳೆಯ?” ಎಂದ ಮಾವ ಕೂಡಲೇ ಕೆಮ್ಮಿದರು. “ಹಾಂ, ಅವನಾ? ಚೆನ್ನಾಗಿದಾನೆ.”

ಮಾವ ಅಳಿಯನನ್ನು ನೋಡಿದರು. ಅಳಿಯ ಆಕಾಶ ನೋಡಿದ. ಕೊನೆಗೆ ಮಾವ ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟರು. ಇಬ್ಬರ ಕೈಯೂ ಬೆವೆತಿತ್ತು.

“ಜೋಪಾನ. ನಾನು ಓಡಿಸಿದ ಹಾಗೇ ಓಡಿಸ್ಬೇಕು.”

“ನಿಮ್ಮ ಹಾಗೇ ಮಾವ.”

ಗೇಟಿನಾಚೆ ಕಾರಿನ ಡ್ರೈವರ್ ಡಿಕ್ಕಿ ತೆರೆದು ಬೀದಿಗೆಲ್ಲ ಕೇಳುವಂತೆ ಕೂಗಿದ: “ಯಜಮಾನ್ರೇ, ಎರಡು ದಿನ ಅಂಗಡಿ ಅಂಗಡಿ ಅಲೆದು ಹುಡುಕಿದ ಚಕ್ರಾನ ಇಲ್ಲೇ ಬಿಟ್ಟು ಹೋದ್ರಲ್ಲ! ಹಿಂದಿನ ಎಡಕ್ಕೇ ತಾನೆ, ನಾನೇ ಹಾಕ್ಕೊಡ್ಲಾ?”