ಗುಹೆಯ ಬಾಗಿಲು

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ಬೈಂದೂರಿನ ಅಮ್ಮಮ್ಮನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮುಂಬೈಯಿಂದ ಒಂದೇ ಚೀಲ ಹಿಡಿದು ಬಂದಿದ್ದ ಚಿಕ್ಕಮ್ಮ, ಊದಿದ ಮಣಿಕಟ್ಟಿಗೆ ಮುಲಾಮು ಹಚ್ಚಿಕೊಂಡು, ನನಗೂ ಅಣ್ಣನಿಗೂ ಇಪ್ಪತ್ತು ಮುಖದ ದಾಳದ ಆಟ ಆಡಿಸುತ್ತಿದ್ದಳು. ಅವಳು ಕಥೆ ಹೇಳುವವಳು, ನಾವಿಬ್ಬರು ಕಥೆಯೊಳಗಿನ ವೀರರು.

ಕಥೆಯಲ್ಲಿ ನಾವು ಹೊಕ್ಕಿದ್ದ ಗುಹೆಯ ರಾಕ್ಷಸ ಅಣ್ಣನ ವೀರನನ್ನು ಕೆಡವಿದ್ದ. ನನ್ನ ಕತ್ತಿ ಮುರಿದಿತ್ತು. ದಾಳ ಎಸೆದಾಗಲೆಲ್ಲ ಸಣ್ಣ ಸಂಖ್ಯೆಯೇ ಬೀಳುತ್ತಿತ್ತು. ನನಗೆ ಅಳು ಒತ್ತರಿಸಿ ಬಂತು.

“ನಾವ್ ಸಾಯುದೇಯಾ, ಚಿಕ್ಕಮ್ಮಾ?”

“ಬಾಗ್ಲ್ ಎಲ್ಲಿತ್ತ್ ಅಂದೇಳಿ ಒಬ್ರೂ ಕೇಣ್ಲಿಲ್ಲ ಅಲ್ದಾ?” ಎಂದಳು.

“ಓಡ್ರೆ ಸೋತಂಗಲ್ದಾ?” ಅಣ್ಣ ಕೇಳಿದ.

“ಜೀವ ಉಳ್ದ್ರೆ ಸೋತಂಗಲ್ಲ ಮಗಾ.”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಡುಗೆಮನೆಯಿಂದ ಅಮ್ಮಮ್ಮ, “ನಿನ್ ಗಂಡಂದೇ ಇರ್ಕ್, ತೆಗಿ. ವಾಪಸ್ ಹೋಪ್ದ್ ಯಾವಾಗ ಅಂತ ಹೇಳ್,” ಎಂದರು.

ಚಿಕ್ಕಮ್ಮ ತೆಗೆಯಲಿಲ್ಲ. ಫೋನನ್ನು ಚಾಪೆಯ ಮೇಲೆ ಮಗುಚಿಟ್ಟು, ದಾಳವನ್ನು ನನ್ನ ಅಂಗೈಯಲ್ಲಿಟ್ಟಳು.

“ಅಣ್ಣನ್ನ ಹೆಗ್ಲ್ ಮೇಲ್ ಹಾಕ್ಕೋ. ಹಿಂದ್ ಕಾಣ್ಬೇಡ. ಓಡ್!”

ಕಣ್ಣು ಮುಚ್ಚಿ ಎಸೆದೆ. ಹದಿನೇಳು ಬಿತ್ತು. ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ನಾವು ಮೂವರೂ ಗುಹೆಯಿಂದ ಹೊರಗೆ ಬಂದಿದ್ದೆವು.