ಅಕ್ಕನಿಗೆ ಓದಿ ಹೇಳುತ್ತಿದ್ದ ಕಂಪ್ಯೂಟರ್

ಹಳೇ ಕಂಪ್ಯೂಟರಿನಿಂದ ಬರುವ ಬಿಸಿ ಧೂಳಿನ ವಾಸನೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ಹರಿಹರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವೊಂದನ್ನು ಅವಳ ಮೇಷ್ಟ್ರು ಹಾಕಿಕೊಟ್ಟಿದ್ದರು. ಅದನ್ನು ಕೇಳುತ್ತಲೇ ಅವಳು ಟೈಪಿಂಗ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಆದರೆ ಆ ಕಂಪ್ಯೂಟರಿನಲ್ಲಿ ನನ್ನ ಆಟಗಳು ನಡೆಯುತ್ತಿರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿ ಎಂದು ನಾನು ಹಟ ಹಿಡಿದೆ. ಕೊನೆಗೆ ಅಮ್ಮ ಸಿಪಿಯುವನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಗೆ ಹೋಗಿ ಹಾಕಿಸಿಕೊಂಡು ಬಂದಳು.

ಅಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕೀಲಿ ಒತ್ತಿದಳು. ಏನೂ ಕೇಳಿಸಲಿಲ್ಲ. ಅಮ್ಮ ಅಂಗಡಿಗೆ ಫೋನ್ ಮಾಡಿದಳು.

"ಹಳೇದೆಲ್ಲ ಅಳಿಸಿ ಹೋಗೈತ್ರಿ. ಅದನ್ನ ಹಾಕಿಕೊಟ್ಟೋರತ್ರನೇ ಸಿಡಿ ಕೇಳ್ರಿ," ಎಂದ ಅಂಗಡಿಯವ.

ಮೇಷ್ಟ್ರು ತೀರಿಕೊಂಡು ಒಂದು ವರ್ಷವಾಗಿತ್ತು.

ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆಟ ನಡೀತಾವೇನು?" ಎಂದು ಕೇಳಿದಳು.

ನಡೀತಾವೆ ಅಂದೆ.

"ಹಂಗಾದ್ರೆ ಆಡು ಬಾ," ಎಂದು ಕುರ್ಚಿ ಬಿಟ್ಟೆದ್ದಳು.

ಆ ಪರೀಕ್ಷೆಗೆ ಅವಳು ಹೋಗಲೇ ಇಲ್ಲ. ಅವತ್ತು ನಾನು ಸಂಜೆಯವರೆಗೂ ಆಡಿದೆ.